ತಾಳಿ ಸರದ ಇಪ್ಪತ್ತು ಪಿನ್ನು

ನನಗೆ ಕೋಪ ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆ ಕೋಪ ಒಂದಿಷ್ಟು ಕಡಿಮೆ ಇದ್ದಿದ್ದರೆ ನಾನು ಹೇಳಹೊರಟಿರುವ ಸಂಗತಿ ಡಾಕ್ಟರ ಮುಂದೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಮುಗಿಯಲಿಲ್ಲ, ಎರಡು ತಿಂಗಳು ಎಳೆಯಿತು. ಆ ಎರಡು ತಿಂಗಳು ನನ್ನ ಎದೆಯ ಮೇಲಿದ್ದದ್ದು ಕ್ಯಾನ್ಸರೋ ಅಲ್ಲವೋ ಎಂದು ನನಗೂ ಗೊತ್ತಿರಲಿಲ್ಲ, ಓದಿ ಡಿಗ್ರಿ ಪಡೆದವರಿಗೂ ಗೊತ್ತಿರಲಿಲ್ಲ.

ನನ್ನ ಕಸುಬು ಸೀರೆ ಉಡಿಸುವುದು. ನಗಬೇಡಿ. ಈಗಿನ ಮದುಮಗಳಿಗೆ ಮೇಕಪ್ಪಿಗೊಬ್ಬರು, ಜಡೆಗೊಬ್ಬರು, ಸೀರೆಗೊಬ್ಬರು ಬೇಕು. ಆ ಮೂರನೆಯವಳು ನಾನು. ಚಾಮರಾಜಪುರಂನಲ್ಲಿ ನಮ್ಮ ಬಾಡಿಗೆ ಮನೆಯ ಗೇಟಿಗೆ "ಸೀರೆ ಉಡಿಸಲಾಗುವುದು, ಕುಚ್ಚು ಕಟ್ಟಲಾಗುವುದು" ಎಂದು ಬೋರ್ಡು ತೂಗುಹಾಕಿ ಎಷ್ಟೋ ವರ್ಷವಾಯಿತು. ಲಗ್ನದ ದಿನಗಳಲ್ಲಿ ಒಂದೇ ಬೆಳಿಗ್ಗೆ ಎರಡು ಛತ್ರಕ್ಕೆ ಓಡಿದ್ದೂ ಉಂಟು. ಅಂಗೈ ಅಗಲದ ನೆರಿಗೆ, ಒಂದರ ಮೇಲೊಂದು, ಅಂಚಿಗೆ ಅಂಚು ಕೂಡಬೇಕು. ಒಮ್ಮೆ ನೆರಿಗೆ ಹಿಡಿದೆನೆಂದರೆ ಪಿನ್ನು ಬೀಳುವವರೆಗೂ ನಾನು ಕೈ ಬಿಡುವವಳಲ್ಲ. ಒಂದು ಸಲ ಮದುಮಗಳ ಅಜ್ಜಿ ಅಲ್ಲೇ ತಲೆಸುತ್ತಿ ಬಿದ್ದರು. ನಾನು ನೆರಿಗೆ ಹಿಡಿದುಕೊಂಡೇ "ಮುಖಕ್ಕೆ ನೀರು ಹಾಕ್ರೇ, ಕಾಲು ಎತ್ತಿ ಹಿಡೀರೇ" ಎಂದು ಕೂಗಿ ಅವರನ್ನು ಎಬ್ಬಿಸಿದೆ. ಅಜ್ಜಿಯೂ ಎದ್ದರು, ನೆರಿಗೆಯೂ ಕೆಡಲಿಲ್ಲ. ಈ ಮಾತನ್ನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಇನ್ನು ಪಿನ್ನಿನ ಮಾತು. ಮದುವೆಯಾಗಿ ಬಂದ ವಾರದಲ್ಲೇ ನಮ್ಮ ಅತ್ತೆ ನನ್ನ ತಾಳಿ ಸರಕ್ಕೆ ಎರಡು ಸೇಫ್ಟಿ ಪಿನ್ನು ಸಿಕ್ಕಿಸಿದ್ದರು. "ಎಣ್ಮಕ್ಕಳ ಮಾನ ಕಾಯೋದು ಗಂಡ ಅಲ್ಲ ಕಣಮ್ಮ, ಪಿನ್ನು. ಯಾವಾಗಲೂ ಎರಡು ಇಟ್ಕೊಂಡಿರು" ಎಂದಿದ್ದರು. ನಮ್ಮ ಕಡೆ ಯಾವ ಹೆಂಗಸಿನ ಸರದಲ್ಲಿ ಪಿನ್ನಿಲ್ಲ ಹೇಳಿ? ನನ್ನ ಕಸುಬು ಬೆಳೆದಂತೆ ಆ ಎರಡು ಐದಾಯಿತು, ಹತ್ತಾಯಿತು, ಇಪ್ಪತ್ತಾಯಿತು. ಒಂದು ಕೈಯಲ್ಲಿ ನೆರಿಗೆ, ಇನ್ನೊಂದು ಕೈಯನ್ನು ಕುತ್ತಿಗೆಗೆ ಹಾಕಿದರೆ ಪಿನ್ನು. ಛತ್ರದಲ್ಲಿ ಯಾರ ಸೆರಗು ಜಾರಲಿ, ಯಾರ ರವಿಕೆಯ ಹುಕ್ಕು ಕೀಳಲಿ, "ಪಿನ್ನಿದ್ಯಾ?" ಎಂದು ನನ್ನ ಹತ್ತಿರವೇ ಬರುವುದು. ಬೀಗರ ಕಡೆಯವರೂ ಬರುತ್ತಿದ್ದರು. ಇಲ್ಲ ಎಂದ ನೆನಪೇ ನನಗಿಲ್ಲ.

ಆ ವರ್ಷ ಬೇಸಿಗೆಗೆ ಮುಂಚೆ ಎದೆಯ ನಡುವೆ, ರವಿಕೆಯ ಒಳಗೆ, ಒಂದು ಕೆಂಪು ಮಚ್ಚೆ ಎದ್ದಿತು. ಬೆವರುಸಾಲೆ ಎಂದುಕೊಂಡು ಬೇವು ಅರೆದು ಹಚ್ಚಿದೆ. ಮೆಡಿಕಲ್ ಸ್ಟೋರಿನವನು ಕೊಟ್ಟ ಟ್ಯೂಬು ಹಚ್ಚಿದೆ. ನಾಲ್ಕು ದಿನ ತಣ್ಣಗಾಗಿ ಐದನೆಯ ದಿನ ಮತ್ತೆ ಕೆರಳುತ್ತಿತ್ತು. ಬರುಬರುತ್ತಾ ಅದು ದಪ್ಪಗಾಯಿತು, ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು, ಮೇಲೆ ಮೂರು ಗಂಟುಗಳೂ ಎದ್ದವು. ತುರಿಕೆಯೋ ತುರಿಕೆ! ಮದುಮಗಳ ಎದುರು ನಿಂತು ಎದೆ ಕೆರೆದುಕೊಳ್ಳಲು ಆಗುತ್ತದೆಯೇ? ನಮ್ಮ ಯಜಮಾನರು ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಲೋಹಕ್ಕೆ ಪಾಲಿಶ್ ಕೂರಿಸುವ ವಿಭಾಗದಲ್ಲಿದ್ದಾರೆ. ಮಾತು ಬಹಳ ಕಡಿಮೆ. ಒಂದು ದಿನ ಊಟ ಮಾಡುತ್ತಾ ತಟ್ಟೆ ನೋಡಿಕೊಂಡೇ "ನಾಳೆ ನನ್ಗೆ ರಜ. ಚರ್ಮದ ಡಾಕ್ಟ್ರತ್ರ ಓಗುವ" ಎಂದರು. ಅವರು ರಜೆ ಹಾಕಿದ್ದಾರೆಂದರೆ ವಿಷಯ ದೊಡ್ಡದೇ ಎಂದು ನನಗೆ ಆಗಲೇ ಭಯವಾಯಿತು.

ಚರ್ಮದ ಡಾಕ್ಟರಮ್ಮ ನನಗಿಂತ ಹತ್ತು ವರ್ಷ ಚಿಕ್ಕವರು. ಚುರುಕು, ಮಾತು ಪಟಪಟ. "ತೋರಿಸಿ" ಎಂದರು. ನಾನು ರವಿಕೆಯ ಹುಕ್ಕು ಬಿಚ್ಚುವ ಮುಂಚೆ ತಾಳಿ ಸರವನ್ನು ತಿರುಗಿಸಿ ಬೆನ್ನಿಗೆ ಹಾಕಿಕೊಂಡೆ, ಸೆರಗಿನ ಕೆಳಗೆ. ನಾವೆಲ್ಲ ಹಾಗೇ ಅಲ್ಲವೇ? ಡಾಕ್ಟರು ನೋಡುವಾಗ ಸರ ಅಡ್ಡ ಬರಬಾರದು, ಅದೊಂದು ಮರ್ಯಾದೆ. ಎಕ್ಸ್‌ರೇ ತೆಗೆಯುವಾಗ ಕೆಲವರು ಬಾಯಲ್ಲಿ ಕಚ್ಚಿಕೊಳ್ಳುತ್ತಾರೆ, ನಾನು ಬೆನ್ನಿಗೆ ಹಾಕುತ್ತೇನೆ.

ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿದರು. ಕೆಲಸ ಏನು, ಸೋಪು ಯಾವುದು, ಸೆಂಟು ಹಾಕುತ್ತೀರಾ, ಹೊಸ ಮಾತ್ರೆ ಏನಾದರೂ, ಹುಳ ಕಚ್ಚಿತ್ತಾ, ಎಲ್ಲ ಕೇಳಿದರು. ಆಮೇಲೆ ಕೇಳಿದರು ನೋಡಿ, "ಕತ್ತಿಗೆ ಆರ್ಟಿಫಿಶಿಯಲ್ ಏನಾದ್ರೂ ಹಾಕ್ತೀರಾ ಅಮ್ಮ? ಒನ್ ಗ್ರಾಂ ಗೋಲ್ಡ್, ಆ ತರದ್ದು?"

ನನಗೆ ಉರಿದುಹೋಯಿತು. ನನ್ನ ಮುಖ ನೋಡಿದರೆ ಚಿನ್ನದ ನೀರು ಕುಡಿಸಿದ ತಾಳಿ ಹಾಕಿಕೊಳ್ಳುವವಳ ಹಾಗೆ ಕಾಣುತ್ತದೆಯೇ? "ಏನ್ ಡಾಕ್ಟ್ರೇ ಹಿಂಗ್ ಕೇಳ್ತೀರಾ! ಅಪ್ಪಟ ಚಿನ್ನ. ನಮ್ಮಪ್ಪ ಹೊಲದ ಕೆಲಸ ಮಾಡಿ ಮಾಡಿಸಿದ್ದು. ಚಿನ್ನ ಬಿಟ್ಟು ನನ್ನ ಮೈಮೇಲೆ ಬೇರೆ ಲೋಹವೇ ಇಲ್ಲ ಕಣ್ರೀ" ಎಂದು ಬಾಯಿ ಮಾಡಿದೆ. ಹೇಳುವಾಗ ನನ್ನ ಬೆನ್ನ ಮೇಲೆ ಇಪ್ಪತ್ತು ಪಿನ್ನು ತೂಗಾಡುತ್ತಿದ್ದವು. ಡಾಕ್ಟರಮ್ಮ ಪಾಪ, "ಬೇಜಾರಾಗ್ಬೇಡಿ, ಕೇಳ್ಬೇಕಾಗುತ್ತೆ" ಎಂದು ಚೀಟಿಯಲ್ಲಿ ಏನೋ ಬರೆದುಕೊಂಡರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ನಿಮಗೆ ಗೊತ್ತಾಗಿರಬಹುದು. ನನಗೆ ಗೊತ್ತಾಗಲಿಲ್ಲ.

ಅವರು ಮಚ್ಚೆಯ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಎಂಟು ದಿನ ಬಿಟ್ಟು ಕರೆಸಿ, ಎದುರಿನ ಕುರ್ಚಿ ಬಿಟ್ಟು ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕೂತರು. 

"ನೋಡಿ ಅಮ್ಮ, ಚರ್ಮದ ಒಳಗೆ ಬಿಳಿ ರಕ್ತಕಣಗಳು ದೊಡ್ಡ ಗುಂಪು ಕಟ್ಕೊಂಡಿವೆ. ಲಿಂಫೋಮಾ ಇರಬಹುದು ಅಂತ ರಿಪೋರ್ಟ್ ಹೇಳ್ತಿದೆ. ಅದು ಆ ರಕ್ತಕಣಗಳ ಕ್ಯಾನ್ಸರ್, ಚರ್ಮದಲ್ಲೂ ಬರುತ್ತೆ. ಆದ್ರೆ ಇರಬಹುದು ಅಂತಷ್ಟೇ. ಸೂಕ್ಷ್ಮದರ್ಶಕದಲ್ಲಿ ಥೇಟ್ ಅದೇ ತರ ಕಾಣೋ, ಆದ್ರೆ ಅದಲ್ಲದ ಸಾಧು ಕಾಯಿಲೆಗಳೂ ಇವೆ. ಯಾವುದೋ ಒಂದಕ್ಕೆ ಚರ್ಮ ಕೆರಳಿ ಕೂತಿರುತ್ತೆ. ಆ ಯಾವುದೋ ಒಂದು ಸಿಕ್ಕಿಬಿಟ್ರೆ ವಾಸಿಯಾಗುತ್ತೆ. ನಿಮ್ಮಲ್ಲಿ ಅದು ನನಗೆ ಸಿಕ್ಕಿಲ್ಲ."

ಕ್ಯಾನ್ಸರ್ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಹನ್ನೊಂದು ದಿನ ಬಿಟ್ಟು ದಿನ ಸಿಕ್ಕಿತು. ಅಲ್ಲಿನವರು ನೋಡಿ ಚಿಕಿತ್ಸೆ ಶುರು ಮಾಡುವುದೋ ಬೇಡವೋ ತೀರ್ಮಾನಿಸುತ್ತಾರೆ, ಅದಕ್ಕೆ ಮುಂಚೆ ಇನ್ನೊಂದು ಚೂರು ತೆಗೆದು ಬೆಂಗಳೂರಿಗೆ ಕಳಿಸಬೇಕು, ಗುರುವಾರ ಇಲ್ಲಿಗೇ ಬನ್ನಿ ಎಂದರು ಡಾಕ್ಟರಮ್ಮ. ಮನೆಗೆ ಬಂದು ಯಜಮಾನರು ತಮ್ಮ ಟಿಫನ್ ಡಬ್ಬಿಯನ್ನು ತೊಳೆದರು. ಒರೆಸಿಟ್ಟರು. ಮತ್ತೆ ತೆಗೆದು ಇನ್ನೊಂದು ಸಲ ತೊಳೆದರು. ನಾನು "ತೂತು ಮಾಡ್ತೀರೇನ್ರೀ ಅದನ್ನ" ಎಂದು ಗದರಿದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸಾಯುವುದಕ್ಕೆ ಭಯವಾಗಿತ್ತು. ಸುಮ್ಮನೆ ಯಾಕೆ ಸುಳ್ಳು ಹೇಳಲಿ, ಬಹಳ ಭಯವಾಗಿತ್ತು.

ಗುರುವಾರ ಬಂತು. ಎರಡನೆಯ ಚೂರು ತೆಗೆಯುವ ದಿನ. ಪರೀಕ್ಷೆಯ ಮಂಚಕ್ಕೆ ಸುತ್ತಲೂ ಹಸಿರು ಪರದೆ. ನಾನು ಎಂದಿನಂತೆ ಸರ ಬೆನ್ನಿಗೆ ಹಾಕಿ ಕೂತಿದ್ದೆ. ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುತ್ತಿದ್ದರು. ಅಲ್ಲಿನ ಆಯಾ ಪರದೆ ಎಳೆದರೆ ಅದು ಪೂರ್ತಿ ಕೂಡುತ್ತಲೇ ಇಲ್ಲ, ನಡುವೆ ಒಂದು ಗೇಣು ಸಂದಿ. ಆಚೆ ಬೆಂಚಿನಲ್ಲಿ ಗಂಡಸರು ಕೂತಿದ್ದಾರೆ.

"ಥೂ, ಇದರ ಕೊಂಡಿ ಕಿತ್ತೋಗಿ ಒಂದ್ ವಾರ ಆಯ್ತು, ಯಾರ್ಗೇಳುದ್ರೂ ಕೇಳಕಿಲ್ಲ" ಎಂದು ಆಯಾ ಗೊಣಗಿ, ನನ್ನ ಕಡೆ ತಿರುಗಿ, "ಅಕ್ಕಾ, ಪಿನ್ನಿದ್ಯಾ?" ಎಂದಳು.

ಪಿನ್ನಿದ್ಯಾ! ನನ್ನನ್ನು ಕೇಳುತ್ತಾಳೆ! ಸಾವು ಕಣ್ಣೆದುರು ಕೂತಿದ್ದರೂ ಆ ಪ್ರಶ್ನೆಗೆ ನನ್ನ ಕೈ ತನ್ನಷ್ಟಕ್ಕೇ ಓಡುತ್ತದೆ. ಬೆನ್ನಿನಿಂದ ಸರವನ್ನು ಸರ್ರನೆ ಮುಂದಕ್ಕೆ ಎಳೆದೆ. ಇಪ್ಪತ್ತೂ ಪಿನ್ನು ಗೊಂಚಲಾಗಿ ಬಂದು ಎದೆಯ ನಡುವೆ, ಸರಿಯಾಗಿ ಆ ನೇರಳೆ ಮಚ್ಚೆಯ ಮೇಲೆ ಕೂತವು. ಒಂದನ್ನು ಬಿಡಿಸಿ ಆಯಾಳಿಗೆ ಕೊಟ್ಟೆ. ಅವಳು ಪರದೆಗೆ ಚುಚ್ಚಿದಳು.

ಡಾಕ್ಟರಮ್ಮ ಒಂದು ಕೈಗೆ ಗವಸು, ಇನ್ನೊಂದು ಕೈ ಬರಿದು, ಹಾಗೇ ನಿಂತುಬಿಟ್ಟಿದ್ದರು.

"ಅಮ್ಮಾ, ಅಲ್ಲಾಡ್ಬೇಡಿ," ಎಂದರು. "ಇದೇನಿದು?"

"ಯಾವುದು?"

"ಇದು! ಇದು! ನಿಮ್ಮ ಸರದಲ್ಲಿ!"

"ಪಿನ್ನು" ಎಂದೆ. ಇಷ್ಟು ಓದಿದವರಿಗೆ ಪಿನ್ನು ಗೊತ್ತಿಲ್ಲವೇ ಎಂದು ಕೋಪವೂ ಬಂತು.

"ಲೋಹ ಏನೂ ಇಲ್ಲ ಅಂದ್ರಲ್ಲಾ ಅವತ್ತು!"

"ಪಿನ್ನು ಲೋಹವಾ?" ಎಂದು ಕೇಳಿದೆ. ದೇವರಾಣೆಗೂ ಹಾಗೇ ಕೇಳಿದೆ. ಪಿನ್ನನ್ನು ಯಾರಾದರೂ ಒಡವೆಯ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಅದು ಮೈಗಂಟಿದ ಹಾಗೆ ಇರುತ್ತದೆ, ಉಗುರಿದ್ದ ಹಾಗೆ. ಇಲ್ಲದಾಗ ಗೊತ್ತಾಗಬೇಕೇ ಹೊರತು ಇದ್ದಾಗ ಗೊತ್ತಾಗುವುದಿಲ್ಲ.

ಡಾಕ್ಟರಮ್ಮ ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಎಷ್ಟು ದಿನದಿಂದ ಹಾಕ್ತಿದೀರಾ? ಎಲ್ಲಿ ತಗೊಳ್ತೀರಾ? ಹೊಸದಾ?" ಎಂದು ಒಂದರ ಮೇಲೊಂದು ಕೇಳಿದರು. ಆಗ ನನಗೂ ಒಂದೊಂದಾಗಿ ನೆನಪಾಗತೊಡಗಿತು. ಹೋದ ವರ್ಷ ಹಳೆಯ ಅಂಗಡಿ ಮುಚ್ಚಿದ್ದರಿಂದ ಮಾರ್ಕೆಟ್ಟಿನಲ್ಲಿ ಬೇರೆ ಪಾಕೀಟು ತಂದಿದ್ದೆ. ಅವು ಮೊದಮೊದಲು ಫಳಫಳ ಹೊಳೆದು, ಬೆವರು ಕುಡಿದು ಒಂದೇ ತಿಂಗಳಿಗೆ ಕಪ್ಪಾಗುತ್ತಿದ್ದವು. ಮಚ್ಚೆ ಎದ್ದದ್ದು ಅದಾದ ಮೇಲೆ. ನಡುವೆ ಛತ್ರದ ಕೆಲಸವಿಲ್ಲದ ವಾರಗಳಲ್ಲಿ ಸರ ಹಗುರ ಇದ್ದಾಗ ಮಚ್ಚೆ ಇಳಿದಿತ್ತು, ನಾನು ಅದನ್ನು ಬೇವಿನ ಮಹಿಮೆ ಎಂದುಕೊಂಡಿದ್ದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ನಾನು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಡಾಕ್ಟರಿಗೇ ಹುಡುಕಲು ಹೇಳಿದ್ದೆ.

ಡಾಕ್ಟರಮ್ಮ ಬೀರುವಿನಿಂದ ಎರಡು ಸಣ್ಣ ಸೀಸೆ ತಂದರು. ಯಜಮಾನರನ್ನೂ ಒಳಗೆ ಕರೆದರು. ಹತ್ತಿಕಡ್ಡಿಗೆ ಎರಡರಿಂದಲೂ ಒಂದೊಂದು ತೊಟ್ಟು ಹಾಕಿ, "ಇದರಲ್ಲಿ ನಿಕ್ಕಲ್ ಬಿಡ್ತಾ ಇದ್ರೆ ಹತ್ತಿ ಗುಲಾಬಿ ಆಗುತ್ತೆ. ನೋಡ್ತಾ ಇರಿ" ಎಂದು ಮೊದಲು ತಾಳಿಯ ಮೇಲೆ ಉಜ್ಜಿದರು. ನನಗೆ ಒಳಗೊಳಗೇ ಪುಕುಪುಕು, ಅಕ್ಕಸಾಲಿ ಎಲ್ಲಿ ನಮ್ಮಪ್ಪನಿಗೆ ಟೋಪಿ ಹಾಕಿದ್ದನೋ ಎಂದು. ಹತ್ತಿ ಬೆಳ್ಳಗೇ ಇತ್ತು. ಅಕ್ಕಸಾಲಿ ಬದುಕಿಕೊಂಡ. ಆಮೇಲೆ ಹೊಸ ಕಡ್ಡಿ ತೆಗೆದು ಪಿನ್ನಿನ ಮೇಲೆ ಉಜ್ಜಿದರು. ಒಂದು, ಎರಡು, ಮೂರು ಸಲ. ಹತ್ತಿಯ ತುದಿ ಮೆಲ್ಲಗೆ ರಂಗೇರಿತು, ನಮ್ಮ ಕಣ್ಣೆದುರಿಗೇ ಗಾಢ ಗುಲಾಬಿಯಾಗಿಬಿಟ್ಟಿತು!

"ಆಯ್ತು ನೋಡಿ! ಆಯ್ತು ನೋಡಿ!" ಎಂದು ಡಾಕ್ಟರಮ್ಮ ಕುಣಿಯುವುದೊಂದು ಬಾಕಿ. ಆಯಾ ಪರದೆ ಬಿಟ್ಟು ಓಡಿ ಬಂದಳು. ನಾನು ಹುಕ್ಕು ಹಾಕಿಕೊಳ್ಳುವುದನ್ನೂ ಮರೆತು ಕಿರುಚಿದೆ.

ಯಜಮಾನರು ಆ ಪಿನ್ನನ್ನು ಸರದಲ್ಲಿದ್ದ ಹಾಗೇ ಬೆಳಕಿಗೆ ಹಿಡಿದರು. "ನಿಕ್ಕಲ್ ಪಾಲಿಶ್ ಕಣೇ. ತೆಳ್ಳಗೆ ಕೂರಿಸ್ಬುಟ್ಟವ್ರೆ, ಬೆವರಿಗೆ ಬುಟ್ಕೊಳ್ತಾ ಅದೆ" ಎಂದರು. ಕಾಲು ಶತಮಾನ ಇದೇ ಕೆಲಸ ಮಾಡಿದ ಮನುಷ್ಯ! ದಿನವೂ ನಿಕ್ಕಲ್ ತೊಟ್ಟಿಯ ಪಕ್ಕ ನಿಂತು ಬರುವವರಿಗೆ ಮೈಮೇಲೆ ಒಂದು ಗುಳ್ಳೆ ಇಲ್ಲ, ಮನೆಯಲ್ಲಿ ಕೂತವಳಿಗೆ ಇಷ್ಟು ರಂಪ. "ನಿಮ್ಮ ಕಣ್ಣಿಗಾದ್ರೂ ಬೀಳ್ಬಾರ್ದಾಗಿತ್ತೇನ್ರೀ?" ಎಂದು ಅವರ ಮೇಲೂ ಹಾರಿದೆ. ಅವರು ಸರವನ್ನು ನನ್ನ ಕತ್ತಿನಲ್ಲಿಯೇ ಇರಿಸಿ ಹತ್ತೊಂಬತ್ತು ಪಿನ್ನನ್ನೂ ಒಂದೊಂದಾಗಿ ಬಿಡಿಸಿ ತಮ್ಮ ಜೇಬಿಗೆ ಹಾಕಿಕೊಂಡರು.

"ಹಂಗಾದ್ರೆ ಕ್ಯಾನ್ಸರ್ ಅಲ್ಲ ಅಲ್ವಾ ಡಾಕ್ಟ್ರೇ?" ಎಂದೆ.

ಡಾಕ್ಟರಮ್ಮನ ನಗು ಅಲ್ಲಿಗೆ ನಿಂತಿತು. "ಅಷ್ಟು ಬೇಗ ಹೇಳಲ್ಲ. ಪಿನ್ನಿನಿಂದ ನಿಕ್ಕಲ್ ಬರ್ತಿದೆ ಅನ್ನೋದು ಗೊತ್ತಾಯ್ತು. ನಿಮ್ಮ ಚರ್ಮಕ್ಕೆ ಅದು ಆಗಲ್ವಾ ಅಂತ ನೋಡ್ಬೇಕು. ಆಮೇಲೆ ಆ ಗುಂಪು ಅದರಿಂದಲೇ ಆಗಿದ್ದಾ ಅಂತ ನೋಡ್ಬೇಕು. ಕ್ಯಾನ್ಸರೂ ಇರಬಹುದು, ಪಿನ್ನಿನ ಅಲರ್ಜಿಯೂ ಜೊತೆಗಿರಬಹುದು." ಎರಡನೆಯ ಚೂರನ್ನು ಅವತ್ತೇ ತೆಗೆದರು.

ಒಂದು ಮಾತು ಬಿಡಿಸಿ ಹೇಳಿದರು, ಅದು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಕ್ಯಾನ್ಸರ್ ಆದರೆ ಗುಂಪಿನಲ್ಲಿರುವ ಕಣಗಳು ಸಾಮಾನ್ಯವಾಗಿ ಒಬ್ಬಳೇ ತಾಯಿಯ ಮಕ್ಕಳಂತೆ ಇರುತ್ತವೆ, ಒಂದೇ ಕಣ ಹುಚ್ಚು ಹಿಡಿದು ಸಾವಿರವಾಗಿರುತ್ತದೆ. ಅಲರ್ಜಿಯಾದರೆ ಬೀದಿ ಜಗಳಕ್ಕೆ ಮನೆಮನೆಯಿಂದ ಜನ ಓಡಿ ಬಂದ ಹಾಗೆ, ಎಲ್ಲರೂ ಬೇರೆ ಬೇರೆ ತಾಯಿಯ ಮಕ್ಕಳು. ಬೆಂಗಳೂರಿನ ಲ್ಯಾಬಿನಲ್ಲಿ ಅದನ್ನೇ ನೋಡುತ್ತಾರಂತೆ. ಅದೊಂದರಿಂದಲೇ ಎಲ್ಲ ತೀರ್ಮಾನವಲ್ಲ, ಆದರೆ ಮಚ್ಚೆಯೂ ಇಳಿದು, ರಿಪೋರ್ಟೂ ಹಾಗೇ ಬಂದರೆ ಧೈರ್ಯವಾಗಿ ಹೇಳಬಹುದು ಎಂದರು.

ಸೋಮವಾರ ನನ್ನ ಬೆನ್ನಿಗೆ ಪ್ಲಾಸ್ಟರಿನಲ್ಲಿ ಸಾಲಾಗಿ ಪುಟ್ಟ ಪುಟ್ಟ ಬಟ್ಟಲು ಅಂಟಿಸಿದರು. ಒಂದೊಂದರಲ್ಲಿ ಒಂದೊಂದು ಪದಾರ್ಥ. ನಿಕ್ಕಲ್ ಎಷ್ಟನೆಯದು ಎಂದು ನನಗೆ ಹೇಳಲೇ ಇಲ್ಲ. ಎರಡು ದಿನ ಬೆನ್ನಿಗೆ ನೀರು ಸೋಕಿಸುವಂತಿಲ್ಲ, ಬೆವರುವಂತಿಲ್ಲ. ಬೇಸಿಗೆಯಲ್ಲಿ ಬೆವರಬೇಡ ಎಂದರೆ ಹೇಗೆ? ಫ್ಯಾನಿನ ಕೆಳಗೆ ಬೋರಲು ಬಿದ್ದುಕೊಂಡೆ. ಯಜಮಾನರು ಬೆಳಿಗ್ಗೆ ಸಂಜೆ ಟಾರ್ಚು ಹಿಡಿದು ನೋಡುವರು. "ಏನಾದ್ರೂ ಕಾಣ್ತದಾ?" "ಮೇಲೆ ಅಂಟಿಸವ್ರಲ್ಲೇ, ಎಂಗೆ ಕಾಣ್ತದೆ?" "ಮತ್ಯಾಕ್ರೀ ಟಾರ್ಚು?" ಹೀಗೆ ಎರಡು ದಿನ ಕಳೆಯಿತು.

ಬುಧವಾರ ಪ್ಲಾಸ್ಟರ್ ಕಿತ್ತರು. ಶುಕ್ರವಾರ ಮತ್ತೆ ನೋಡಿದರು. ಡಾಕ್ಟರಮ್ಮ ನನ್ನ ಬೆನ್ನ ಫೋಟೋ ತೆಗೆದು ಫೋನಿನಲ್ಲಿ ತೋರಿಸಿದರು. ಎಲ್ಲ ಜಾಗವೂ ನುಣ್ಣಗಿತ್ತು. ಒಂದೇ ಒಂದು ಜಾಗ ಕೆಂಪಗೆ ಊದಿ, ಸಣ್ಣ ಸಣ್ಣ ನೀರುಗುಳ್ಳೆ ಎದ್ದು ಕೂತಿತ್ತು. ನನ್ನ ಜನ್ಮದಲ್ಲಿ ಒಂದು ಗುಳ್ಳೆ ನೋಡಿ ಅಷ್ಟು ಸಂತೋಷಪಟ್ಟಿರಲಿಲ್ಲ. ಆಯಾಳನ್ನು ಕರೆದು ತೋರಿಸಿದೆ. ಬೆಂಚಿನಲ್ಲಿ ಕೂತಿದ್ದ ಯಾರೋ ಹೆಂಗಸಿಗೂ ತೋರಿಸಿದೆ. ಅವರು ಪಾಪ ಕೂದಲು ಉದುರುತ್ತದೆಂದು ಬಂದಿದ್ದವರು.

ಕ್ಯಾನ್ಸರ್ ಆಸ್ಪತ್ರೆಯ ದೊಡ್ಡ ಡಾಕ್ಟರು ಎಲ್ಲ ಕಾಗದವನ್ನೂ ಓದಿ, ನನ್ನ ಕಂಕುಳು, ಕುತ್ತಿಗೆ ಒತ್ತಿ ನೋಡಿ, "ಗಡ್ಡೆ ಎಲ್ಲೂ ಇಲ್ಲ. ಈಗಲೇ ಚಿಕಿತ್ಸೆ ಶುರು ಮಾಡಲ್ಲ. ಆರು ವಾರ ಕಾಯೋಣ. ಪಿನ್ನು ದೂರ ಇಡಿ. ಇಳಿದರೆ ಸಂತೋಷ. ಬೆಳೆದರೆ ಮಾತ್ರ ನಾನು ಕಾಯೋದಿಲ್ಲ" ಎಂದರು. ಅವರು ನಗುವವರಲ್ಲ. ಆದರೂ "ಪಿನ್ನು" ಎಂಬ ಮಾತು ಆಡುವಾಗ ಮೀಸೆ ಅಲ್ಲಾಡಿತು.

ಆರು ವಾರ! ಹಗಲು ರಾತ್ರಿ ಅದೇ ಕೆಲಸ. ದಿನಕ್ಕೊಮ್ಮೆ ಮುಲಾಮು, ತೆಳ್ಳಗೆ, ಮಚ್ಚೆಯ ಮೇಲೆ ಮಾತ್ರ. ಆ ಮೂರು ಗಂಟುಗಳಿಗೆ ಎರಡು ಸಲ ಸೂಜಿ ಮದ್ದು. ಅಯ್ಯಪ್ಪಾ, ಆ ಉರಿ! ಡಾಕ್ಟರಮ್ಮ ಒಂದು ಪಾರದರ್ಶಕ ಹಾಳೆಯನ್ನು ಎದೆಯ ಮೇಲೆ ಹಾಸಿ ಮಚ್ಚೆಯ ಅಂಚನ್ನು ಪೆನ್ನಿನಲ್ಲಿ ಗೀಚಿಕೊಳ್ಳುತ್ತಿದ್ದರು, ಪ್ರತಿ ವಾರ ಹೊಸ ಗೆರೆ. ಅದನ್ನು ನೋಡಿ ಬಂದ ಯಜಮಾನರು ಮನೆಯಲ್ಲಿ ತಮ್ಮ ವರ್ನಿಯರ್ ತೆಗೆದರು. ಕಾರ್ಖಾನೆಯಲ್ಲಿ ಕಂಬಿ, ಬುಷ್ ಅಳೆಯುವ ಉಪಕರಣ ಅದು. "ಕಬ್ಬಿಣದ್ದು ಮೈಗೆ ಮುಟ್ಟಿಸ್ಬೇಡಿ ಮತ್ತೆ!" ಎಂದು ಬೊಬ್ಬೆ ಹಾಕಿದೆ. "ಮುಟ್ಸಲ್ಲ ಬುಡೇ" ಎಂದು ಒಂದು ಕೂದಲೆಳೆ ದೂರದಲ್ಲಿ ಹಿಡಿದು, ಕನ್ನಡಕ ಮೇಲೆತ್ತಿ ಅಳೆಯುವರು. ಮೊದಲ ವಾರ ಏನೂ ಇಲ್ಲ. ನನ್ನ ಜೀವ ಬಾಯಿಗೆ ಬಂತು. ಎರಡನೆಯ ವಾರ, "ನಾಕು ಮಿಲಿಮೀಟ್ರು ಇಳಿದದೆ ಕಣೇ!" ಎಂದು ಆ ಮೂಕಪ್ಪ ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು. ಮೂರನೆಯ ವಾರ ನೇರಳೆ ಹೋಗಿ ಕಂದುಬಣ್ಣ ಬಂತು. ನಾಲ್ಕನೆಯ ವಾರಕ್ಕೆ ಗಂಟುಗಳು ಬೆರಳಿಗೆ ಸಿಗಲಿಲ್ಲ. ಆದರೆ ನಾನು ಬೇಡ ಬೇಡವೆಂದರೂ ಡಾಕ್ಟರಮ್ಮ ಒಂದು ಮಾತು ಹೇಳುತ್ತಲೇ ಇದ್ದರು, "ಮುಲಾಮಿಗೆ ಕೆಲವು ಸಲ ಕ್ಯಾನ್ಸರ್ ಮಚ್ಚೆಯೂ ಸ್ವಲ್ಪ ಇಳಿಯುತ್ತೆ. ರಿಪೋರ್ಟ್ ಬರಲಿ." ಆ ಮಾತಿಗೆ ನನ್ನ ಸಂತೋಷವೆಲ್ಲ ಅರ್ಧಕ್ಕೆ ಇಳಿಯುತ್ತಿತ್ತು. ರಿಪೋರ್ಟು ಬೆಂಗಳೂರಿನಲ್ಲಿ ಕೂತುಬಿಟ್ಟಿತ್ತು.

ಐದನೆಯ ವಾರದಲ್ಲಿ ಒಂದು ಮದುವೆ. ಬಹಳ ಮುಂಚೆ ಒಪ್ಪಿಕೊಂಡದ್ದು, ಹೂಟಗಳ್ಳಿಯ ಕಡೆಯ ಒಂದು ಛತ್ರ. ಡಾಕ್ಟರಮ್ಮ, "ಕೈಯಲ್ಲಿ ತಗೊಂಡು ಚುಚ್ಚಿಬಿಡಿ, ಪರವಾಗಿಲ್ಲ. ಮೈಮೇಲೆ ಇಟ್ಕೊಂಡ್ರೆ ಮಾತ್ರ ನನ್ನ ಹತ್ರ ಬರ್ಬೇಡಿ" ಎಂದಿದ್ದರು. ಕತ್ತು ಹಗುರವಾಗಿ ನನಗೆ ಕೈಯೇ ಕಟ್ಟಿಹೋಗಿತ್ತು. ಡಬ್ಬಿಯಲ್ಲಿಟ್ಟರೆ ಮೇಜು ದೂರ. ಮದುಮಗಳ ಗೆಳತಿಯರಿಗೆ ಕೊಡು ಎಂದರೆ ಸೆಲ್ಫಿ ತೆಗೆಯುವುದರಲ್ಲೇ ಅವರಿಗೆ ಹೊತ್ತಿಲ್ಲ.

"ನಾನು ಬತ್ತೀನಿ" ಎಂದರು ಯಜಮಾನರು.

"ಹೆಂಗಸರ ರೂಮಿಗಾ?"

"ಬಾಗ್ಲಾಚೆ ಕೂತಿರ್ತೀನಿ. ನೀ ಕೂಗು, ನಾ ಕೊಡ್ತೀನಿ."

ಬಂದೇಬಂದರು. ಮದುವೆಗೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ. ಅದರ ಗುಂಡಿಪಟ್ಟಿಯನ್ನು ಮಗುಚಿ ತೋರಿಸಿದರು. ಒಳಗಡೆ ಇಪ್ಪತ್ತು ಪಿನ್ನು, ಒಂದೇ ಅಂತರಕ್ಕೆ, ಸಾಲಾಗಿ ಚುಚ್ಚಿಕೊಂಡಿದ್ದರು. ವರ್ನಿಯರ್ ಇಟ್ಟೇ ಚುಚ್ಚಿರಬೇಕು. ನನ್ನ ಫೋನನ್ನೂ ಅವರ ಕೈಗೇ ಕೊಟ್ಟು ಒಳಗೆ ಹೋದೆ.

ಬಾಗಿಲು ಒಂದು ಗೇಣು ತೆರೆದಿತ್ತು. "ಪಿನ್ನು!" ಎಂದರೆ ಆ ಸಂದಿಯಿಂದ ಒಂದು ಕೈ ಬರುತ್ತಿತ್ತು, ಬಾಯಿ ಬಿಚ್ಚಿದ ಪಿನ್ನು, ಚೂಪು ಅವರ ಕಡೆಗೆ. ಒಂದಾಯಿತು, ಎರಡಾಯಿತು, ಆರಾಯಿತು. ಮದುಮಗಳು "ಆಂಟಿ, ಅಂಕಲ್ ಸೂಪರ್" ಎಂದು ಕಿಸಿಕಿಸಿ ನಕ್ಕಳು. ಸೊಂಟದ ನೆರಿಗೆ ಹಿಡಿದೆ. ಒಂಬತ್ತು ನೆರಿಗೆ, ಅಂಚಿಗೆ ಅಂಚು. ಎರಡೂ ಕೈ ತುಂಬಿತ್ತು. ಹೊರಗೆ ಫೋನು ಬಡಿದುಕೊಂಡದ್ದು ಓಲಗದ ಸದ್ದಿನಲ್ಲಿ ಅರೆಬರೆ ಕೇಳಿತು.

"ಪಿನ್ನು!" ಎಂದೆ.

ಕೈ ಬರಲಿಲ್ಲ.

"ರೀ, ಪಿನ್ನು! ಎಲ್ಲಿ ಸತ್ರಿ!"

ಸಂದಿಯಿಂದ ಕೈ ಬಂತು. ಅದರಲ್ಲಿ ಪಿನ್ನಿರಲಿಲ್ಲ, ಫೋನಿತ್ತು.

"ಪಿನ್ನು ಕೇಳುದ್ರೆ ಫೋನ್ ಕೊಡ್ತೀರಲ್ರೀ! ನನ್ನ ಕೈ ಎಲ್ಲಿದೆ ನೋಡಿ!" ಎಂದು ರೇಗಿದೆ. ಮದುಮಗಳೇ ಮೆಹಂದಿಯ ಕೈ ಚಾಚಿ ಫೋನನ್ನು ತೆಗೆದುಕೊಂಡು ನನ್ನ ಕಿವಿಗೆ ಹಿಡಿದಳು.

ಡಾಕ್ಟರಮ್ಮ. "ಅಮ್ಮಾ, ಬೆಂಗಳೂರಿಂದ ಈಗ ಬಂತು. ನಾನಿನ್ನೂ ಕ್ಲಿನಿಕ್ಕಿಗೂ ಹೋಗಿಲ್ಲ, ಮನೆಯಿಂದಲೇ ಮಾಡ್ತಿದೀನಿ. ಬೇರೆ ಬೇರೆ ತಾಯಿ ಮಕ್ಕಳು ಅಮ್ಮಾ! ಎಲ್ಲಾ ಬೇರೆ ಬೇರೆ! ಸ್ಲೈಡು ಇನ್ನೊಬ್ಬ ದೊಡ್ಡ ತಜ್ಞರಿಗೂ ತೋರಿಸಿದಾರೆ, ಅವರೂ ಅಲರ್ಜಿಯದೇ ಅಂದಿದಾರೆ. ಮಚ್ಚೆಯೂ ಇಳಿದಿದೆ. ಕ್ಯಾನ್ಸರ್ ಅಲ್ಲ. ಒಂದೆರಡು ವರ್ಷ ಬಂದು ತೋರಿಸ್ತಾ ಇರ್ಬೇಕು, ಅದು ಬಿಡೋ ಹಾಗಿಲ್ಲ. ಕೇಳಿಸ್ತಾ? ಅಲ್ಲ ಅಮ್ಮಾ!"

 ಮದುಮಗಳಿಗೆ ಎಲ್ಲ ಕೇಳಿಸಿತ್ತು. ಅವಳ ಕಣ್ಣು ತುಂಬಿದ್ದು ನೋಡಿ ಮೇಕಪ್ಪಿನವಳು "ಅಯ್ಯಯ್ಯೋ, ಕಾಡಿಗೆ ಕಾಡಿಗೆ!" ಎಂದು ಹತ್ತಿ ಹಿಡಿದು ಓಡಿಬಂದಳು.

ಆಗ ಸಂದಿಯಿಂದ ಮತ್ತೆ ಆ ಕೈ ಬಂತು, ಈ ಸಲ ಪಿನ್ನು ಹಿಡಿದುಕೊಂಡು. ಆದರೆ ಅದರ ಬಾಯಿ ಬಿಚ್ಚಿರಲಿಲ್ಲ. ಬಿಚ್ಚಲು ಹೋಗಿ ಚುಚ್ಚಿಕೊಂಡಿದ್ದರು, ಹೆಬ್ಬೆರಳಿನಲ್ಲಿ ಒಂದು ತೊಟ್ಟು ರಕ್ತ. ಕೂದಲೆಳೆಯಷ್ಟು ದೂರದಲ್ಲಿ ವರ್ನಿಯರ್ ಹಿಡಿದು ನಿಂತರೂ ಅಲುಗದ ಕೈ ಅದು. ಈಗ ಪಿನ್ನು ನೆಲಕ್ಕೆ ಬೀಳುವಷ್ಟು ನಡುಗುತ್ತಿತ್ತು. ಬಾಗಿಲಾಚೆಯಿಂದ ಯಜಮಾನರು, "ಅಲ್ವಂತೆ ಕಣೇ... ಅಲ್ವಂತೆ" ಎನ್ನುತ್ತಲೇ ಇದ್ದರು.

ನಾನು ನೆರಿಗೆ ಬಿಟ್ಟೆ. ಒಂಬತ್ತೂ ನೆರಿಗೆ ಜರ್ರನೆ ಜಾರಿ ಮದುಮಗ‍ಳ ಪಾದದ ಮೇಲೆ ಬಿದ್ದವು. ಎರಡೂ ಕೈಯಿಂದ ಆ ಕೈಯನ್ನು ಹಿಡಿದುಕೊಂಡೆ. ಅದು ನಡುಕ ನಿಲ್ಲಿಸುವವರೆಗೂ ಹಿಡಿದುಕೊಂಡೇ ಇದ್ದೆ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಆಮೇಲೆ ಬಗ್ಗಿ, ಸೀರೆ ಎತ್ತಿಕೊಂಡು, ಮೊದಲನೆಯ ನೆರಿಗೆಯಿಂದ ಮತ್ತೆ ಶುರು ಮಾಡಿದೆ.